ಶಿಲುಬೆಯ ಕಡೆಯ ಮಾತುಗಳು: ಪಾಠಾಂತರಗಳ ಅರ್ಥ ಮತ್ತು ಇತಿಹಾಸ

ಸಾಯುವವನ ಕಡೆಯ ಮಾತಿಗೆ ಎಲ್ಲ ಜನಸಮುದಾಯಗಳಲ್ಲಿಯೂ ವಿಶೇಷ ಮನ್ನಣೆಯಿದೆ. ಅದನ್ನು ಬದುಕಿನ ಸಾರವೆಂದೂ ಉಳಿದವರಿಗೆ ಕೊಟ್ಟ ಅಪ್ಪಣೆಯೆಂದೂ ಭಾವಿಸಲಾಗುತ್ತದೆ. ಆದುದರಿಂದಲೇ ಅಂಥ ಮಾತು ಹೇಳಿದವನ ಸೊತ್ತಾಗಿ ಉಳಿಯದೆ ಕೇಳಿದವರ ಸೊತ್ತಾಗುತ್ತದೆ. ಬಾಯಿಂದ ಬಾಯಿಗೆ ಸಾಗುತ್ತ ಅದು ರೂಪಾಂತರ ಹೊಂದುತ್ತದೆ. ರೋಮನ್ ಅಧಿಕಾರಿ ಪೊಂತಿಯ ಪಿಲಾತನು ಯೂದಾಯವನ್ನು ಆಳುತ್ತಿದ್ದ ಕಾಲದಲ್ಲಿ (ಕ್ರಿ.ಶ. ೨೬–೩೬), ಸುಮಾರು ಕ್ರಿ.ಶ. ೩೦ರಲ್ಲಿ, ಯೆರೂಸಲೇಮಿನ ಹೊರವಲಯದಲ್ಲಿ ಶಿಲುಬೆಗೇರಿಸಲ್ಪಟ್ಟ ಯೇಸುವಿನ ಕಡೆಯ ಮಾತುಗಳು ಈ ಪ್ರಕ್ರಿಯೆಗೆ ಬಹು ದೊಡ್ಡ ನಿದರ್ಶನವಾಗಿವೆ.

ಕ್ರೈಸ್ತ ಪರಂಪರೆ ಈ ಮಾತುಗಳನ್ನು ಏಳೆಂದು ಎಣಿಸುತ್ತದೆ. ಆದರೆ ನಾಲ್ಕು ಸುವಾರ್ತೆಗಳಲ್ಲಿ ಯಾವುದೊಂದರಲ್ಲಿಯೂ ಏಳು ಮಾತುಗಳಿಲ್ಲ. ಇವುಗಳಲ್ಲಿ ಯಾವುದು ನಿಜವಾದ ಕಡೆಯ ಮಾತು ಎಂಬುದು ಚರಿತ್ರಕಾರರ ವಾಡಿಕೆಯ ಪ್ರಶ್ನೆ. ಜಾನಪದ ಅಧ್ಯಯನದ ಪ್ರಶ್ನೆ ಬೇರೆ: ಯಾವ ಸಮುದಾಯ ಯಾವ ಮಾತನ್ನು ಉಳಿಸಿಕೊಂಡಿತು, ಯಾವುದನ್ನು ಮೃದುಗೊಳಿಸಿತು, ಯಾವುದನ್ನು ಕೈಬಿಟ್ಟಿತು, ಏಕೆ? ಪ್ರಸಿದ್ಧ ಜಾನಪದ ವಿದ್ವಾಂಸ ಆಲನ್ ಡಂಡಸ್ ಅವರು ೧೯೯೯ರ ತಮ್ಮ ಗ್ರಂಥದಲ್ಲಿ ಬೈಬಲ್ಲಿನ ಪುನರಾವೃತ್ತಿಗಳನ್ನೂ ಭೇದಗಳನ್ನೂ ಮೌಖಿಕ ಪರಂಪರೆಯ ಲಕ್ಷಣಗಳೆಂದು ಗುರುತಿಸಿದ್ದಾರೆ. ಆ ದಾರಿಯಲ್ಲಿ ಇನ್ನೊಂದು ಹೆಜ್ಜೆ ಮುಂದುವರಿದು, ಶಿಲುಬೆಯ ಮಾತುಗಳ ಅರ್ಥ ಅವುಗಳ ಪಾಠಾಂತರಗಳಲ್ಲಿಯೇ ಅಡಗಿದೆ, ಭೇದವನ್ನು ಅಳಿಸಿದರೆ ಅರ್ಥವೂ ಅಳಿಯುತ್ತದೆ ಎಂಬುದನ್ನು ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

೧. ಏಳು ಎಂಬ ಎಣಿಕೆ

ಮಾರ್ಕ ಮತ್ತು ಮತ್ತಾಯ ಸುವಾರ್ತೆಗಳಲ್ಲಿ ಶಿಲುಬೆಯ ಮೇಲಿನ ಮಾತು ಒಂದೇ: ದೇವರು ತನ್ನನ್ನೇಕೆ ಕೈಬಿಟ್ಟನೆಂಬ ಕೂಗು. ಅನಂತರ ಪದಗಳಿಲ್ಲದ ಮಹಾಧ್ವನಿ, ಬಳಿಕ ಮರಣ. ಲೂಕನಲ್ಲಿ ಈ ಕೂಗೇ ಇಲ್ಲ. ಅಲ್ಲಿ ಮೂರು ಬೇರೆ ಮಾತುಗಳಿವೆ: ಕೊಂದವರಿಗಾಗಿ ಕ್ಷಮೆಯ ಬೇಡಿಕೆ, ಜೊತೆಯಲ್ಲಿ ಶಿಲುಬೆಗೇರಿದ ಅಪರಾಧಿಗೆ ಪರದೈಸಿನ ಭರವಸೆ, ತಂದೆಯ ಕೈಗೆ ಆತ್ಮವನ್ನು ಒಪ್ಪಿಸುವ ಮಾತು. ಯೋಹಾನನಲ್ಲಿರುವ ಮೂರು ಇವೆಲ್ಲಕ್ಕಿಂತ ಭಿನ್ನವಾದವು: ತಾಯಿಯನ್ನು ಶಿಷ್ಯನಿಗೆ ಒಪ್ಪಿಸುವುದು, ಬಾಯಾರಿಕೆಯ ಮಾತು, ಎಲ್ಲವೂ ನೆರವೇರಿತೆಂಬ ಘೋಷಣೆ. ಮಾರ್ಕ–ಮತ್ತಾಯರ ಸಮಾನ ಮಾತನ್ನು ಬಿಟ್ಟರೆ ಒಂದು ಸುವಾರ್ತೆಯ ಮಾತು ಇನ್ನೊಂದರಲ್ಲಿ ಬರುವುದಿಲ್ಲ.

ಈ ಭಿನ್ನ ಕಥನಗಳನ್ನು ಒಂದಾಗಿ ಹೆಣೆಯುವ ಪ್ರಯತ್ನ ಬಹು ಹಿಂದೆಯೇ ಆರಂಭವಾಯಿತು. ೨ನೆಯ ಶತಮಾನದ ಉತ್ತರಾರ್ಧದಲ್ಲಿ ತಾಸಿಯಾನನು ನಾಲ್ಕು ಸುವಾರ್ತೆಗಳನ್ನು ಬೆಸೆದು 'ದಿಯಾತೆಸ್ಸರೋನ್' ಎಂಬ ಏಕಕಥನವನ್ನು ರಚಿಸಿದನು. ಮಧ್ಯಯುಗದ ಭಕ್ತಿಪರಂಪರೆ ಏಳರ ಎಣಿಕೆಯನ್ನು ಗಟ್ಟಿಗೊಳಿಸಿತು. ಮುಂದೆ ಪೆರು ದೇಶದ ಲಿಮಾ ನಗರದಲ್ಲಿ ಯೇಸುಸಭೆಯ ಪಾದ್ರಿ ಅಲೋನ್ಸೊ ಮೆಸಿಯಾ ಅವರು ಶುಭ ಶುಕ್ರವಾರದ ಮೂರು ಗಂಟೆಗಳ ಆರಾಧನೆಯನ್ನು ಈ ಏಳು ಮಾತುಗಳ ಸುತ್ತ ರೂಪಿಸಿದರು. ಅಲ್ಲಿಂದ ಅದು ಸ್ಪೇನಿಗೂ ಯುರೋಪಿನ ಇತರ ಭಾಗಗಳಿಗೂ ಹಬ್ಬಿತು. ಸಂಗೀತಕಾರ ಹೈಡನ್ ಸ್ಪೇನಿನ ಕಾದಿಸ್ ನಗರದ ಇಂಥದೇ ಆರಾಧನೆಗಾಗಿ ವಾದ್ಯಕೃತಿಯೊಂದನ್ನು ರಚಿಸಿದರು. ೧೭೮೭ರಲ್ಲಿ ಪ್ರಕಟವಾದ ಆ ಕೃತಿ ಏಳು ಮಾತುಗಳಿಗೆ ಏಳು ಭಾಗಗಳನ್ನು ಮೀಸಲಿಟ್ಟು ಭೂಕಂಪದ ಚಿತ್ರಣದೊಂದಿಗೆ ಮುಗಿಯುತ್ತದೆ.

ಈ ಜೋಡಣೆಯ ಪರಿಣಾಮವೊಂದನ್ನು ವಿಶೇಷವಾಗಿ ಗಮನಿಸಬೇಕು. ರೂಢಿಯ ಕ್ರಮದಲ್ಲಿ ಕೈಬಿಟ್ಟ ಕೂಗು ನಾಲ್ಕನೆಯದು. ಆತ್ಮವನ್ನು ಒಪ್ಪಿಸುವ ಮಾತು ಏಳನೆಯದು. ಮಾರ್ಕನಲ್ಲಿ ಏಕೈಕವೂ ಅಂತಿಮವೂ ಆಗಿದ್ದ ಕೂಗು ಇಲ್ಲಿ ನಡುವಣ ಒಂದು ಹಂತವಾಗುತ್ತದೆ. ದುಃಖ ಬಂತು, ಹೋಯಿತು, ಕೊನೆಗೆ ಶಾಂತಿ ದೊರೆಯಿತು ಎಂಬ ಹೊಸ ಕಥೆ ಹುಟ್ಟುತ್ತದೆ. ಈ ಕಥೆ ನಾಲ್ವರಲ್ಲಿ ಯಾರೂ ಹೇಳಿದ್ದಲ್ಲ.

೨. ಅನುವಾದವಾಗದೆ ಉಳಿದ ಕೂಗು

ಮಾರ್ಕ ಸುವಾರ್ತೆ ಸುಮಾರು ಕ್ರಿ.ಶ. ೭೦ರ ಹೊತ್ತಿಗೆ ಗ್ರೀಕ್ ಭಾಷೆಯಲ್ಲಿ ರಚಿತವಾಯಿತೆಂಬುದು ಬಹುಪಾಲು ವಿದ್ವಾಂಸರ ಅಭಿಮತ. ಆದರೂ ಈ ಕೂಗಿನ ಅರಾಮಿಕ್ ಧ್ವನಿಯನ್ನು ಅದು ಹಾಗೆಯೇ ಉಳಿಸಿಕೊಂಡು, ಪಕ್ಕದಲ್ಲಿ ಅನುವಾದವನ್ನು ಕೊಡುತ್ತದೆ. ಕೂಗು ೨೨ನೆಯ ಕೀರ್ತನೆಯ ಮೊದಲ ಸಾಲಿನಿಂದ ಬಂದುದು. ಹೀಬ್ರೂ ಮೂಲದಲ್ಲಿ ಕೈಬಿಡುವಿಕೆಯನ್ನು ಸೂಚಿಸುವ ಕ್ರಿಯಾಪದ 'ಅಜವ್ತಾನಿ'. ಮಾರ್ಕನಲ್ಲಿರುವುದು 'ಸಬಖ್ತಾನಿ' ಎಂಬ ಅರಾಮಿಕ್ ಆಡುರೂಪ. ಧರ್ಮಗ್ರಂಥದ ಪಾಠ ಇಲ್ಲಿ ಜನರ ಮಾತಿನಲ್ಲಿ ಹೊರಹೊಮ್ಮಿದೆ. ಸಂಬೋಧನೆ ಮಾರ್ಕನಲ್ಲಿ 'ಎಲೋಯಿ', ಮತ್ತಾಯನಲ್ಲಿ 'ಏಲೀ'. ಅಲ್ಲಿ ನಿಂತವರು ಪ್ರವಾದಿ ಎಲೀಯನನ್ನು ಕರೆಯುತ್ತಿದ್ದಾನೆಂದು ತಪ್ಪಾಗಿ ತಿಳಿದರೆಂಬ ಪ್ರಸಂಗಕ್ಕೆ ಎರಡನೆಯ ರೂಪ ಹೆಚ್ಚು ಹೊಂದುತ್ತದೆ.

ನುಡಿಯುವವರಿಗೆ ಅನನುಕೂಲವಾದ ಮಾತು ಪರಂಪರೆಯಲ್ಲಿ ಉಳಿದಿದ್ದರೆ ಅದು ಹಳೆಯದಾಗಿರುವ ಸಂಭವ ಹೆಚ್ಚು. ತಮ್ಮ ಪ್ರಭುವನ್ನು ದೇವರು ಕೈಬಿಟ್ಟನೆಂಬ ಮಾತು ಆದಿ ಕ್ರೈಸ್ತರಿಗೆ ಎಷ್ಟು ಇರುಸುಮುರುಸಿನದಾಗಿತ್ತೆಂಬುದಕ್ಕೆ ಹಸ್ತಪ್ರತಿಗಳೇ ಸಾಕ್ಷಿ. ಈಗ ಕೇಂಬ್ರಿಜ್‌ನಲ್ಲಿರುವ ಬೇಜಾ ಪ್ರತಿಯಲ್ಲಿ ಅರಾಮಿಕ್ ರೂಪವನ್ನು ತಿದ್ದಿ ಹೀಬ್ರೂ ರೂಪಕ್ಕೆ ಹತ್ತಿರ ತರಲಾಗಿದೆ. ಅದೇ ಪ್ರತಿಯ ಮಾರ್ಕ ಭಾಗದ ಗ್ರೀಕ್ ಅನುವಾದದಲ್ಲಿ ಕೈಬಿಡುವುದರ ಬದಲು ನಿಂದಿಸುವುದೆಂಬ ಅರ್ಥದ ಕ್ರಿಯಾಪದವಿದೆ. ಈಜಿಪ್ಟಿನ ಅಖ್ಮೀಮ್‌ನಲ್ಲಿ ೧೮೮೬–೮೭ರಲ್ಲಿ ದೊರೆತ 'ಪೇತ್ರನ ಸುವಾರ್ತೆ'ಯ ತುಣುಕಿನಲ್ಲಿ ದೇವರಿಗೆ ಬದಲಾಗಿ 'ಶಕ್ತಿ'ಯನ್ನು ಸಂಬೋಧಿಸಲಾಗಿದೆ. ಏಕೆಂಬ ಪ್ರಶ್ನೆಯೂ ಅಲ್ಲಿಲ್ಲ. ಲೂಕನು ಕೂಗನ್ನೇ ಬಿಟ್ಟು ೩೧ನೆಯ ಕೀರ್ತನೆಯ ಸಮರ್ಪಣೆಯ ಮಾತನ್ನು ಆ ಜಾಗದಲ್ಲಿ ಇರಿಸಿದ್ದಾನೆ. ಒಂದು ಮಾತಿನಿಂದ ಇಷ್ಟು ಕಡೆ ತಪ್ಪಿಸಿಕೊಳ್ಳಲು ನೋಡಿರುವುದೇ ಅದರ ತೂಕವನ್ನು ಹೇಳುತ್ತದೆ.

ಈ ಕೂಗು ನಿರಾಶೆಯೋ ಪ್ರಾರ್ಥನೆಯೋ ಎಂಬ ವಾದ ದೀರ್ಘಕಾಲದಿಂದ ನಡೆದಿದೆ. ೨೨ನೆಯ ಕೀರ್ತನೆ ಪ್ರಲಾಪದಿಂದ ಆರಂಭವಾಗಿ ಸ್ತುತಿಯಲ್ಲಿ ಮುಗಿಯುತ್ತದೆ. ಮೊದಲ ಸಾಲನ್ನು ನುಡಿದವನು ಇಡೀ ಕೀರ್ತನೆಯನ್ನು ಉದ್ದೇಶಿಸಿದ್ದಾನೆ, ಆದುದರಿಂದ ಇದು ವಿಶ್ವಾಸದ ಮಾತು ಎಂಬುದು ಒಂದು ಪಕ್ಷ. ಆದರೆ ಮಾರ್ಕನ ಕಥನಕ್ರಮ ಇದಕ್ಕೆ ಒತ್ತಾಸೆ ನೀಡುವುದಿಲ್ಲ. ಅವನು ಆ ಕೀರ್ತನೆಯನ್ನು ಹಿಂದುಮುಂದಾಗಿ ಬಳಸಿದ್ದಾನೆ. ಮೊದಲು ೧೮ನೆಯ ವಚನದ ಬಟ್ಟೆ ಹಂಚಿಕೆ, ಅನಂತರ ೭ನೆಯ ವಚನದ ತಲೆಯಾಡಿಸುವ ಅಪಹಾಸ್ಯ, ಕೊನೆಗೆ ೧ನೆಯ ವಚನದ ಕೂಗು. ಕಥೆ ಸ್ತುತಿಯ ಕಡೆಗೆ ಸಾಗದೆ ಪ್ರಲಾಪದ ಮೂಲಕ್ಕೆ ಇಳಿಯುತ್ತದೆ. ಮತ್ತೊಂದು ಅಂಶವೂ ಗಮನಾರ್ಹ. ಗೆತ್ಸೆಮನೆ ತೋಟದ ಪ್ರಾರ್ಥನೆಯಲ್ಲಿ ಮಾರ್ಕನು 'ಅಬ್ಬಾ', ಅಂದರೆ ತಂದೆ, ಎಂಬ ಅರಾಮಿಕ್ ಪದವನ್ನು ಉಳಿಸಿದ್ದಾನೆ. ಶಿಲುಬೆಯ ಮೇಲೆ ಆ ಪದ ಮರಳಿ ಬರುವುದಿಲ್ಲ.

ಹಾಗೆಂದು ಇದನ್ನು ಶ್ರದ್ಧೆಯ ನಾಶವೆಂದೂ ಹೇಳಲಾಗದು. ಪ್ರಲಾಪವೆಂಬುದು ಒಂದು ಪ್ರಕಾರ. ಅದರಲ್ಲಿ ದೂರು ಇರುತ್ತದೆ. ಆದರೆ ದೂರು ಕೇಳುವವನೊಬ್ಬನಿದ್ದಾನೆಂಬ ನಂಬಿಕೆಯೂ ಇರುತ್ತದೆ. ಸ್ವಂತ ಮಾತು ಸೋತಾಗ ಸಮುದಾಯ ಹಿಂದಿನಿಂದ ಕಾಪಾಡಿಕೊಂಡು ಬಂದ ಮಾತು ಬಾಯಿಗೆ ಬರುತ್ತದೆ. ಹಿಂಸೆಗೆ ಒಳಗಾಗಿ ಸಾಯುತ್ತಿರುವ ಯೆಹೂದಿಯೊಬ್ಬನ ಬಾಯಲ್ಲಿ ಯೆಹೂದ್ಯ ಪ್ರಲಾಪಗೀತೆಯೊಂದು ಬಂದಿರುವುದು ಈ ಕೂಗಿನ ಮೊದಲ ಅರ್ಥ. ನಂಬಿಕೆಯೊಳಗೆ ನಿಂತು ದೇವರನ್ನೇ ಪ್ರಶ್ನಿಸುವ ಹಕ್ಕನ್ನು ಅದು ಎತ್ತಿಹಿಡಿಯುತ್ತದೆ.

೩. ಲೂಕ ಮತ್ತು ಯೋಹಾನ: ಎರಡು ಸಮಾಪ್ತಿಗಳು

ಲೂಕನ ಕಡೆಯ ಮಾತೂ ಕೀರ್ತನೆಯಿಂದಲೇ ಬಂದುದು. ಅವನು ಅದರ ಮುಂದೆ 'ತಂದೆಯೇ' ಎಂಬ ಸಂಬೋಧನೆಯನ್ನು ಸೇರಿಸಿದ್ದಾನೆ. ಮುಂದಿನ ಕಾಲದ ತಾಲ್ಮೂದ್‌ನಲ್ಲಿ, ರಾತ್ರಿ ಮಲಗುವ ಮುನ್ನ ನುಡಿಯಬೇಕಾದ ವಾಕ್ಯವಾಗಿ ಇದೇ ಕೀರ್ತನೆಯ ಮಾತನ್ನು ಸೂಚಿಸಲಾಗಿದೆ. ನಿದ್ರೆಗೂ ಮರಣಕ್ಕೂ ಒಂದೇ ಮಾತು ಸಲ್ಲುವುದು ಇಲ್ಲಿನ ವಿಶೇಷ. ಯೋಹಾನನ 'ತೆತೆಲೆಸ್ತಾಯಿ' ಎಂಬುದು ಗ್ರೀಕ್ ಭಾಷೆಯ ಒಂದೇ ಪದ. ಕೆಲಸ ಪೂರ್ಣಗೊಂಡಿದೆ, ಅದರ ಫಲ ನಿಂತಿದೆ ಎಂಬ ಅರ್ಥವನ್ನು ಅದರ ಕಾಲರೂಪ ಸೂಚಿಸುತ್ತದೆ. ಸಾಲ ತೀರಿತೆಂದು ರಸೀದಿಗಳ ಮೇಲೆ ಇದೇ ಪದವನ್ನು ಬರೆಯುತ್ತಿದ್ದರೆಂಬ ವಿವರಣೆ ಪ್ರವಚನಗಳಲ್ಲಿ ಬಹಳ ಪ್ರಚಲಿತ. ಆದರೆ ಈಜಿಪ್ಟಿನ ಸುಂಕದ ರಸೀದಿಗಳಲ್ಲಿ ಕಾಣುವ ಸಂಕ್ಷಿಪ್ತ ರೂಪ, ಸುಂಕ ಸಂದಾಯವಾಗಿದೆ ಎಂಬ ಅರ್ಥದ ಬೇರೊಂದು ಕ್ರಿಯಾಪದದ್ದು. ಕಡೆಯ ಮಾತಿನ ಸುತ್ತ ಹೊಸ ಐತಿಹ್ಯಗಳು ಆಧುನಿಕ ಕಾಲದಲ್ಲಿಯೂ ಬೆಳೆಯುತ್ತಿವೆ ಎಂಬುದಕ್ಕೆ ಇದು ಉದಾಹರಣೆ.

೪. ಕ್ಷಮೆಯ ಮಾತಿನ ಗತಿ

ಪಾಠಾಂತರದ ಪ್ರಶ್ನೆ ವಿದ್ವಾಂಸರ ಮೇಜಿಗೆ ಸೀಮಿತವಲ್ಲವೆಂಬುದನ್ನು ಲೂಕನ ಕ್ಷಮೆಯ ಮಾತು ತೋರಿಸಿಕೊಡುತ್ತದೆ. ತಾವೇನು ಮಾಡುತ್ತಿದ್ದೇವೆಂದು ಅರಿಯದವರನ್ನು ಮನ್ನಿಸಬೇಕೆಂಬ ಈ ಬೇಡಿಕೆ ಲೋಕಪ್ರಸಿದ್ಧ. ಆದರೆ ಬಹುಕಾಲ ೩ನೆಯ ಶತಮಾನದ ಆದಿಭಾಗದ್ದೆಂದು ಗಣಿಸಲಾದ ೭೫ನೆಯ ಪಪೈರಸ್, ೪ನೆಯ ಶತಮಾನದ ವ್ಯಾಟಿಕನ್ ಪ್ರತಿ ಹಾಗೂ ಬೇಜಾ ಪ್ರತಿಯ ಮೂಲಪಾಠಗಳಲ್ಲಿ ಅದು ಇಲ್ಲ. ಸಿನಾಯ್ ಪ್ರತಿಯಲ್ಲಿ ಮೂಲ ಲಿಪಿಕಾರ ಅದನ್ನು ಬರೆದಿದ್ದಾನೆ, ಒಬ್ಬ ತಿದ್ದುಗಾರ ತೆಗೆಯುವಂತೆ ಗುರುತಿಟ್ಟಿದ್ದಾನೆ, ಮುಂದಿನವನೊಬ್ಬ ಆ ಗುರುತನ್ನು ರದ್ದುಪಡಿಸಿದ್ದಾನೆ. ಒಂದೇ ಹಾಳೆಯ ಮೇಲೆ ಮೂರು ಕೈಗಳ ವಾದ! ೨ನೆಯ ಶತಮಾನದ ಕೊನೆಯ ಹೊತ್ತಿಗೆ ಐರೇನಿಯಸ್ ಈ ಮಾತನ್ನು ಬಲ್ಲವನಾಗಿದ್ದನು.

ಇದು ಅನಂತರ ಸೇರಿದ್ದೆಂದು ಕೆಲವರು ವಾದಿಸುತ್ತಾರೆ. ಅಪೊಸ್ತಲರ ಕೃತ್ಯಗಳಲ್ಲಿ ಕಲ್ಲೆಸೆತಕ್ಕೆ ಗುರಿಯಾದ ಸ್ತೆಫನನೂ, ಹೆಗೆಸಿಪ್ಪಸ್‌ನ ಕಥನದಲ್ಲಿ ಯೇಸುವಿನ ಸೋದರ ಯಾಕೋಬನೂ ಇದೇ ಬಗೆಯ ಮಾತನ್ನಾಡಿ ಸಾಯುತ್ತಾರೆ. ಜಾನಪದದ ಪರಿಭಾಷೆಯಲ್ಲಿ ಇದು ಒಬ್ಬ ಹುತಾತ್ಮನಿಂದ ಇನ್ನೊಬ್ಬನಿಗೆ ಚಲಿಸುವ ಆಶಯ. ಮತ್ತೆ ಕೆಲವರ ಪ್ರಕಾರ ಮಾತು ಮೂಲದಲ್ಲಿಯೇ ಇತ್ತು. ಅದನ್ನು ಉದ್ದೇಶಪೂರ್ವಕವಾಗಿ ತೆಗೆಯಲಾಯಿತು. ಕ್ರಿ.ಶ. ೭೦ರಲ್ಲಿ ರೋಮನ್ನರು ಯೆರೂಸಲೇಮನ್ನು ನಾಶಮಾಡಿದುದನ್ನು ದೈವದಂಡನೆಯೆಂದು ತಿಳಿದವರಿಗೆ, ಕ್ಷಮೆಯ ಬೇಡಿಕೆ ಈಡೇರಲಿಲ್ಲವೆಂಬ ತೊಡಕು ಎದುರಾಯಿತು. ಯೆಹೂದ್ಯರ ಮೇಲೆ ದ್ವೇಷ ಬೆಳೆದಂತೆ ಅವರಿಗೆ ಕ್ಷಮೆ ದೊರೆಯುವುದೇ ಹಲವರಿಗೆ ಅಸಹನೀಯವಾಯಿತು. ಸಾರ್ದಿಸ್‌ನ ಮೆಲಿತೋ ೨ನೆಯ ಶತಮಾನದಲ್ಲಿಯೇ ತನ್ನ ಪಸ್ಕ ಪ್ರವಚನದಲ್ಲಿ ಈ ಮರಣದ ಹೊಣೆಯನ್ನು ಇಸ್ರಾಯೇಲಿನ ಮೇಲೆ ಹೊರಿಸಿದ್ದನು. ಲೂಕ ಮತ್ತು ಅಪೊಸ್ತಲರ ಕೃತ್ಯಗಳ ಕರ್ತೃ ಒಬ್ಬನೇ. ಎರಡನೆಯ ಗ್ರಂಥದಲ್ಲಿ ಪೇತ್ರನು ಯೆರೂಸಲೇಮಿನ ಜನರೂ ಅವರ ಅಧಿಕಾರಿಗಳೂ ಅರಿಯದೆ ಹಾಗೆ ಮಾಡಿದರೆಂದು ಹೇಳುತ್ತಾನೆ. ಅರಿಯದವರ ಕ್ಷಮೆಯೆಂಬ ವಿಚಾರ ಈ ಕರ್ತೃವಿನ ಒಟ್ಟು ಕಥನಕ್ಕೆ ಸಹಜವಾದುದು. ಈ ಕಾರಣದಿಂದ ಎರಡನೆಯ ವಾದವೇ ಹೆಚ್ಚು ಸಮರ್ಥವೆಂದು ತೋರುತ್ತದೆ.

ಬಹುಪಾಲು ಹಸ್ತಪ್ರತಿಗಳಲ್ಲಿ ಮಾತು ಉಳಿಯಿತು, ಆಚರಣೆಯಲ್ಲಿ ಸೋತಿತು. ೧೦೯೬ರಲ್ಲಿ ಮೊದಲನೆಯ ಧರ್ಮಯುದ್ಧಕ್ಕೆ ಹೊರಟ ಗುಂಪುಗಳು ಕ್ರಿಸ್ತನ ಸಾವಿನ ಸೇಡಿನ ಹೆಸರಿನಲ್ಲಿ ವರ್ಮ್ಸ್ ಮತ್ತು ಮೈನ್ಸ್ ನಗರಗಳ ಯೆಹೂದ್ಯರನ್ನು ಕೊಂದವು. ಫ್ರಾನ್ಸಿನ ಬೆಜಿಯೇ ಪಟ್ಟಣದಲ್ಲಿ ಪವಿತ್ರ ವಾರದ ದಿನಗಳಲ್ಲಿ ಯೆಹೂದ್ಯರ ಮನೆಗಳಿಗೆ ಕಲ್ಲೆಸೆಯುವುದು ರೂಢಿಯಾಗಿತ್ತು. ೧೧೬೦ರಲ್ಲಿ ಹಣ ತೆತ್ತು ಅದರಿಂದ ಬಿಡುಗಡೆ ಪಡೆಯಬೇಕಾಯಿತು. ಕ್ಷಮೆಯ ಮಾತನ್ನು ಸ್ಮರಿಸುವ ವಾರವೇ ಕಲ್ಲೆಸೆತದ ವಾರವೂ ಆದುದು ಜಾನಪದ ಆಚರಣೆಗಳ ಇತಿಹಾಸದಲ್ಲಿ ಮರೆಯಬಾರದ ಸಂಗತಿ. ಲಿಖಿತ ಪಠ್ಯಕ್ಕೂ ಜನಾಚರಣೆಗೂ ನಡುವೆ ಎಂಥ ಕಂದಕವಿರಬಹುದೆಂಬುದನ್ನು ಇದು ತಿಳಿಸುತ್ತದೆ. ಜನಪದ ಆಚರಣೆಗಳೆಲ್ಲ ಮುಗ್ಧವೆಂಬ ಭಾವುಕತೆಯನ್ನೂ ಪ್ರಶ್ನಿಸುತ್ತದೆ.

ತಿದ್ದುಪಡಿ ತಡವಾಗಿ ಬಂದಿತು. ಶುಭ ಶುಕ್ರವಾರದ ಪ್ರಾರ್ಥನೆಯಲ್ಲಿ ಯೆಹೂದ್ಯರಿಗೆ ಅಂಟಿಸಿದ್ದ ಅವಿಶ್ವಾಸಿಗಳೆಂಬ ಅರ್ಥದ ಲ್ಯಾಟಿನ್ ವಿಶೇಷಣವನ್ನು ಪೋಪ್ ೨೩ನೆಯ ಯೋಹಾನರು ೧೯೫೯ರಲ್ಲಿ ತೆಗೆಸಿದರು. ಕ್ರಿಸ್ತನ ಮರಣದ ಹೊಣೆಯನ್ನು ಅಂದಿನ ಎಲ್ಲ ಯೆಹೂದ್ಯರ ಮೇಲಾಗಲಿ ಇಂದಿನ ಯೆಹೂದ್ಯರ ಮೇಲಾಗಲಿ ಹೊರಿಸಲಾಗದೆಂದು ಎರಡನೆಯ ವ್ಯಾಟಿಕನ್ ಮಹಾಸಭೆ ೧೯೬೫ರ ಅಕ್ಟೋಬರ್ ೨೮ರಂದು ಘೋಷಿಸಿತು. ಈ ನಡುವೆ ಹದಿನೆಂಟು ಶತಮಾನಗಳು ಕಳೆದಿದ್ದವು.

೫. ಕನ್ನಡದ ನೆಲದಲ್ಲಿ

ಈ ಮಾತುಗಳ ಪಯಣ ನಮ್ಮ ನಾಡನ್ನೂ ಮುಟ್ಟಿದೆ. ಬಳ್ಳಾರಿಯ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ವಿಲಿಯಂ ರೀವ್ ಅವರ ಶ್ರಮದಿಂದ ೧೮೩೧ರ ಹೊತ್ತಿಗೆ ಪೂರ್ಣ ಬೈಬಲ್ ಕನ್ನಡಕ್ಕೆ ಬಂದಿತು. ಫಾದರ್ ಥಾಮಸ್ ಸ್ಟೀಫನ್ಸ್ ಗೋವೆಯಲ್ಲಿ ರಚಿಸಿ ೧೬೧೬ರಲ್ಲಿ ಮುದ್ರಣಗೊಂಡ ಮರಾಠಿಯ 'ಕ್ರಿಸ್ತಪುರಾಣ'ವು ಕರಾವಳಿಯ ಕೊಂಕಣಿ ಕ್ರೈಸ್ತರಲ್ಲಿ ಪುರಾಣವಾಚನದ ರೂಪದಲ್ಲಿ ಉಳಿದು, ೧೯೦೭ರಲ್ಲಿ ಮಂಗಳೂರಿನಲ್ಲಿ ಮರುಮುದ್ರಣ ಕಂಡಿತು. ಮಂಜೇಶ್ವರ ಗೋವಿಂದ ಪೈ ಅವರು 'ಗೊಲ್ಗೊಥಾ' ಖಂಡಕಾವ್ಯದಲ್ಲಿ ಯೇಸುವಿನ ಕಡೆಯ ದಿನವನ್ನೇ ವಸ್ತುವಾಗಿಸಿಕೊಂಡರು. ಇಂದು ಬಳಕೆಯಲ್ಲಿರುವ ಕನ್ನಡ ಬೈಬಲ್ಲಿನಲ್ಲಿಯೂ ಕೈಬಿಟ್ಟ ಕೂಗು ಮೊದಲು ಅರಾಮಿಕ್ ಧ್ವನಿಯಲ್ಲಿ, ಕನ್ನಡ ಅಕ್ಷರಗಳಲ್ಲಿ, ಅನಂತರವಷ್ಟೇ ಅನುವಾದದಲ್ಲಿ ಬರುತ್ತದೆ. ಅರ್ಥವಾಗದಿದ್ದರೂ ಉಚ್ಚರಿಸಬೇಕಾದ ಆ ಧ್ವನಿಯನ್ನು ಬದಲಿಸುವ ಅಧಿಕಾರ ತಮಗಿದೆಯೆಂದು ನಮ್ಮ ಅನುವಾದಕರೂ ಭಾವಿಸಲಿಲ್ಲ.

ಒಟ್ಟಿನಲ್ಲಿ, ಶಿಲುಬೆಯ ಕಡೆಯ ಮಾತುಗಳಿಗೆ ಒಂದು ಅರ್ಥವೆಂಬುದಿಲ್ಲ. ಮಾರ್ಕನ ಸಮುದಾಯಕ್ಕೆ ಅದು ಉತ್ತರವಿಲ್ಲದ ಪ್ರಶ್ನೆ, ಲೂಕನಿಗೆ ಕ್ಷಮೆ ಮತ್ತು ಸಮರ್ಪಣೆ, ಯೋಹಾನನಿಗೆ ಪೂರ್ಣತೆ. ಪರಂಪರೆಯ ಹಿರಿಮೆಯಿರುವುದು ಈ ಮೂರನ್ನೂ ಒಂದರೊಡನೊಂದು ಕಲಸದೆ ನಾಲ್ಕು ಗ್ರಂಥಗಳಲ್ಲಿ ಬೇರೆ ಬೇರೆಯಾಗಿಯೇ ಕಾಪಾಡಿಕೊಂಡುದರಲ್ಲಿ. ಕೈಬಿಟ್ಟ ಕೂಗನ್ನು ಮೃದುಗೊಳಿಸಿದಾಗ ನೊಂದವರ ಪ್ರಶ್ನೆಗೆ ಜಾಗ ಕಿರಿದಾಯಿತು. ಕ್ಷಮೆಯ ಮಾತನ್ನು ಅಳಿಸಿದಾಗ ಅಥವಾ ಮರೆತಾಗ ಪ್ರಾಣಗಳೇ ಹೋದವು. ಪಠ್ಯವೊಂದರ ಕಠಿಣ ಸಾಲನ್ನು ಇದ್ದಂತೆಯೇ ಉಳಿಸಿಕೊಳ್ಳುವುದು ಸಂಪಾದಕನ ಶಿಸ್ತು ಮಾತ್ರವಲ್ಲ, ಸಮುದಾಯವೊಂದರ ನೈತಿಕ ಹೊಣೆಯೂ ಹೌದು.