ಒಂದೇ ಚೌಕದ ಎರಡು ಸ್ಮಾರಕಗಳು

ಹ್ಯಾಬ್ಸ್‌ಬರ್ಗ್ ಅರಸರಿಗೆ ಅಧೀನವಾಗಿದ್ದ ಪ್ರಾಗ್ ನಗರದ ಹಳೆಯ ಪೇಟೆಯ ಚೌಕದಲ್ಲಿ 1650ರಲ್ಲಿ ಮೇರಿಮಾತೆಯ ಸ್ತಂಭವೊಂದು ನಿಂತಿತು. ಸ್ವೀಡನ್ನಿನ ಸೈನ್ಯದ ಮುತ್ತಿಗೆಯಿಂದ ಊರು ಉಳಿದುದಕ್ಕೆ ಅದು ಕೃತಜ್ಞತೆಯ ಕುರುಹು. 1415ರಲ್ಲಿ ಧರ್ಮದ್ರೋಹಿಯೆಂಬ ಆರೋಪದ ಮೇಲೆ ಬೆಂಕಿಗೆ ಆಹುತಿಯಾದ ಬೋಧಕ ಯಾನ್ ಹುಸ್ಸನ ಸ್ಮಾರಕವನ್ನು ಚೆಕ್ ಜನರು 1915ರಲ್ಲಿ ಅದೇ ಚೌಕದಲ್ಲಿ ನಿಲ್ಲಿಸಿದರು. ಯುದ್ಧಕಾಲದ ಸರ್ಕಾರವು ಅನಾವರಣದ ಸಮಾರಂಭಕ್ಕೆ ಅವಕಾಶ ಕೊಡಲಿಲ್ಲ. ಜನರು ಹೂಗಳನ್ನು ತಂದು ಶಿಲ್ಪವನ್ನು ಮುಚ್ಚಿದರು.

1918ರ ಅಕ್ಟೋಬರ್ 28ರಂದು ಸ್ವಾತಂತ್ರ್ಯ ಘೋಷಿತವಾಯಿತು. ನವೆಂಬರ್ 3ರಂದು ಗುಂಪೊಂದು ಆ ಸ್ತಂಭವನ್ನು ಹ್ಯಾಬ್ಸ್‌ಬರ್ಗರ ದಾಸ್ಯದ ಗುರುತೆಂದು ಕೆಡವಿತು. ಊರಿನ ರಕ್ಷಣೆಯನ್ನು ನೆನೆಯಲೆಂದು ಎತ್ತಿದ ಕಲ್ಲೇ ಪರಾಧೀನತೆಯ ಕಲ್ಲಾಗಿ ಕಂಡಿತು! 2020ರಲ್ಲಿ ಅದರ ಪ್ರತಿರೂಪ ಮತ್ತೆ ಎದ್ದಿತು.

ಸ್ಮಾರಕದ ಅರ್ಥವನ್ನು ನಿಲ್ಲಿಸಿದವನೊಬ್ಬನೇ ನಿಶ್ಚಯಿಸಲಾರನು; ಅದರ ನೆರಳಿನಲ್ಲಿ ಬಾಳಿದವರ ಸುಖದುಃಖಗಳೂ ಅದನ್ನು ನಿಶ್ಚಯಿಸುತ್ತವೆ.