ಕಾವೇರಿಯ ಗಾಳದವರು

ಜಯನಗರದ ನಮ್ಮ ಮನೆಯಿಂದ ಹೊರಟು, ಬನಶಂಕರಿಯನ್ನು ದಾಟಿ ಕನಕಪುರದ ರಸ್ತೆ ಹಿಡಿದರೆ ಸುಮಾರು 60 ಮೈಲಿಗೆ ಕಾವೇರಿ ಸಿಕ್ಕುತ್ತಾಳೆ. ನಾವು ಹೊಳೆಗೆ ಹೋಗುವ ದಾರಿಯಲ್ಲೇ ಹೊಳೆಯೂ ನಮ್ಮಲ್ಲಿಗೆ ಬರುತ್ತದೆ. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಎಂದು ಮೂರು ಕಡೆ ಎತ್ತಿ ದೂಡಿದ ನೀರನ್ನು ಬೆಂಗಳೂರು 1974ರಿಂದ ಕುಡಿಯುತ್ತಿದೆ.

ಕನ್ನಡ ಪಾಠ ಹೇಳುವವನಿಗೆ ಮೀನಿನ ಗೊಡವೆ ಏಕೆಂದು ಓದುಗರು ಕೇಳಬಹುದು. ಗೊಡವೆ ಹತ್ತಿದ್ದು ಒಂದು ಗ್ರಂಥದಿಂದ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಅರಸನ ವಿನೋದಗಳನ್ನು ಹೇಳುವಾಗ ಮತ್ಸ್ಯವಿನೋದವೂ ಬರುತ್ತದೆ. ಕಡಲ ಮೀನು, ಹೊಳೆಯ ಮೀನು ಎಂದು ವಿಂಗಡಿಸಿ ಸುಮಾರು 35 ಜಾತಿಗಳನ್ನು ಹೆಸರಿಸಿ, ಯಾವುದಕ್ಕೆ ಯಾವ ಮೇವು, ಗಾಳ ಹಾಕುವುದು ಹೇಗೆ ಎಂದು ದೊರೆ ವಿವರಿಸುತ್ತಾನೆ. ಹೊಟ್ಟೆಗಲ್ಲದೆ ಆಟಕ್ಕೆ ಗಾಳ ಹಾಕುವುದು ಇಂಗ್ಲಿಷರು ತಂದ ಶೋಕಿ ಎಂದು ನಂಬಿದ್ದ ನನಗೆ ಇದು ಬೆರಗು. "ತಿನ್ನುವುದಕ್ಕಲ್ಲದೆ ಬಾಯಿಗೆ ಕೊಕ್ಕೆ ಸಿಕ್ಕಿಸುವುದು ಎಂಥ ವಿನೋದ?" ಎಂದು ನನ್ನಾಕೆ ಕೇಳಿದಳು. ಅದಕ್ಕೆ ಸೋಮೇಶ್ವರನಲ್ಲಿಯೂ ಉತ್ತರ ಸಿಕ್ಕಲಿಲ್ಲ.

ಇಂಗ್ಲಿಷರು ಈ ಆಟಕ್ಕೆ ಶಾಸನವನ್ನು ಜೋಡಿಸಿದರು. ದಕ್ಷಿಣ ಕನ್ನಡದಲ್ಲಿ ಕಲೆಕ್ಟರಾಗಿದ್ದ ಹೆನ್ರಿ ಸಲಿವನ್ ಥಾಮಸ್ 1873ರಲ್ಲಿ 'ದಿ ರಾಡ್ ಇನ್ ಇಂಡಿಯಾ' ಎಂಬ ಪುಸ್ತಕವನ್ನು ಪ್ರಕಟಿಸಿದ. ನಮ್ಮವರು ಬಿಳಿಮೀನು ಎನ್ನುವ ಮಹಶೀರನ್ನು ಹಾಡಿಹೊಗಳಿದ ಈತ, ಹೊಳೆಗೆ ವಿಷ ಹಾಕುವುದನ್ನೂ ಮರಿಮೀನನ್ನು ಬಾಚುವುದನ್ನೂ ಅಷ್ಟೇ ಬಲವಾಗಿ ವಿರೋಧಿಸಿದ. 1897ರ ಮೀನುಗಾರಿಕೆ ಕಾಯಿದೆ ತೋಟೆ ಸಿಡಿಸುವುದನ್ನೂ ವಿಷ ಬೆರೆಸುವುದನ್ನೂ ಅಪರಾಧವೆಂದು ಸಾರಿತು. ಮುಂದೆ 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ 120 ಪೌಂಡಿನ ಮೀನನ್ನು ಗಾಳದಲ್ಲಿ ಎತ್ತಿದರು. ಆಳಿನ ತೂಕದ ಮೀನು!

ಸ್ವಾತಂತ್ರ್ಯಾನಂತರ ಭೀಮೇಶ್ವರಿ, ದೊಡ್ಡಮಾಕಳಿ, ಗಾಲಿಬೋರೆಗಳಲ್ಲಿ ಗಾಳದ ಶಿಬಿರಗಳೆದ್ದವು. ಹಿಡಿದ ಮೀನನ್ನು ತೂಗಿ, ಲೆಕ್ಕ ಬರೆದು, ನೀರಿಗೇ ಬಿಡಬೇಕೆಂಬುದು ಅಲ್ಲಿಯ ಕಟ್ಟಳೆ. ಮೊದಲು ತೋಟೆ ಹಾಕುತ್ತಿದ್ದ ಊರಿನವರೇ ಅಲ್ಲಿ ದಾರಿ ತೋರುವವರಾದರು. ಗಾಳಕ್ಕೆ ಮೇವು ನಮ್ಮ ರಾಗಿಹಿಟ್ಟಿನ ಮುದ್ದೆ.

ಆದರೆ ಈ ದಡ 1987ರಿಂದ ಕಾವೇರಿ ವನ್ಯಧಾಮ. 1972ರ ವನ್ಯಜೀವಿ ಕಾಯಿದೆಯಲ್ಲಿ ಪ್ರಾಣಿಯನ್ನು ಹಿಡಿಯುವುದೂ ಬೇಟೆಯೇ, ಮೇವು ಒಡ್ಡುವುದೂ ಬೇಟೆಯೇ. ಬಿಟ್ಟರೂ ಹಿಡಿದದ್ದು ಹಿಡಿದದ್ದೇ ಎಂಬ ಅರ್ಥ ಗಟ್ಟಿಯಾಗಿ, 2012ರ ಹೊತ್ತಿಗೆ ಗಾಳ ನಿಂತಿತು. ಸೋಮೇಶ್ವರನ ವಿನೋದ ಬೇಟೆಯೆಂಬ ಹೆಸರು ಹೊತ್ತಿತು. ಕಾಯಿದೆಯ ಅಕ್ಷರ ತಪ್ಪೆಂದು ನಾನು ಹೇಳಲಾರೆ. ಆದರೆ ಅಕ್ಷರ ಓದಿದವರು ಶಿಬಿರದ ಲೆಕ್ಕದ ಪುಸ್ತಕವನ್ನೂ ಓದಬೇಕಿತ್ತು.

ಆ ಪುಸ್ತಕ ಸಣ್ಣದಲ್ಲ. ಗಾಲಿಬೋರೆಯಲ್ಲಿ 1998ರಿಂದ 2012ರವರೆಗೆ ಹಿಡಿದು ಬಿಟ್ಟ ಮೀನು 6,161. ವಿಜ್ಞಾನಿಗಳು 2015ರಲ್ಲಿ ಅದನ್ನು ಲೆಕ್ಕಹಾಕಿದಾಗ, ಒಟ್ಟು ಮೀನು ಹೆಚ್ಚಿದ್ದರೂ ಕಾವೇರಿಯದೇ ಆದ ಗೂನುಬೆನ್ನಿನ ಮಹಶೀರು ಕಾಣೆಯಾಗುತ್ತ ಬಂದದ್ದು ಗೊತ್ತಾಯಿತು. ಅದರ ಜಾಗದಲ್ಲಿ ತುಂಬಿದ್ದು ಮರಿಕೇಂದ್ರಗಳಲ್ಲಿ ಸಾಕಿ ಹೊಳೆಗೆ ಬಿಟ್ಟ ನೀಲಿ ರೆಕ್ಕೆಯ ಜಾತಿ. ಹೊಳೆಗೆ ಒಳಿತಾಗಲೆಂದು ಮಾಡಿದ ಕೆಲಸವೇ ಹೀಗಾಯಿತು. ಗಾಳದವರೂ ಅದನ್ನು ಮೆಚ್ಚಿದ್ದರು. ಗೂನುಬೆನ್ನಿನ ಮೀನಿಗೆ ಸರಿಯಾದ ವೈಜ್ಞಾನಿಕ ಹೆಸರು ನಿಶ್ಚಯವಾದದ್ದು 2018ರಲ್ಲಿ. ಅದೇ ವರ್ಷ ಅದು ಅಳಿವಿನ ಅಂಚಿನ ಪಟ್ಟಿಗೂ ಸೇರಿತು.

ಹೊಳೆದಂಡೆಯ ಊರೊಂದರಲ್ಲಿ ಶಿಬಿರದ ಹಳೆಯ ಆಳೊಬ್ಬರನ್ನು ಮಾತನಾಡಿಸಿದೆ. "ಆಗ ಯಾರು ತೋಟೆ ಹಾಕ್ತಾರೆ ಅಂತ ದಿನಾ ಕಾಯ್ತಿದ್ವು ಸ್ವಾಮಿ. ಈಗ ನಾವು ಹೊಳೆ ತಾವ ಹೋದ್ರೆ ನಮ್ಮನ್ನೇ ಹಿಡೀತಾರೆ" ಎಂದರು.

ಈಗ ಮೇಕೆದಾಟು. ಗಾಲಿಬೋರೆ ಇರುವುದು ಸಂಗಮದ ಮೇಲ್ಗಡೆ, ಮೇಕೆದಾಟು ಕೆಳಗಡೆ. 67 ಟಿ.ಎಂ.ಸಿ. ಹಿಡಿಯುವ ಅಣೆಯ ಯೋಜನಾ ವರದಿಯನ್ನು ರಾಜ್ಯ ಸರ್ಕಾರ 2019ರಲ್ಲಿ ಕೇಂದ್ರಕ್ಕೆ ಕಳಿಸಿತು. ಮುಳುಗುವುದು ಸುಮಾರು 5,000 ಹೆಕ್ಟೇರು, ಬಹುಪಾಲು ಕಾಡು. 2022ರ ಜನವರಿಯಲ್ಲಿ ಸಂಗಮದಿಂದ ಪಾದಯಾತ್ರೆ ಹೊರಟಿತು. ತಮಿಳುನಾಡು ಎಂದಿನಂತೆ ವಿರೋಧಿಸಿತು. ಎರಡು ಕಡೆಯ ಭಾಷಣಗಳಲ್ಲೂ ನಾನು ಕೇಳಿದ್ದು ನೀರಿನ ಮಾತು. ಮೀನಿನ ಹೆಸರೆತ್ತಿದವರನ್ನು ಕಾಣೆ. ಹರಿಯುವ ನೀರಿನ ಮಡುವಿನಲ್ಲಿ ಬಾಳುವ ಮೀನಿಗೆ ನಿಂತ ನೀರು ಅದೇ ಹೊಳೆಯಲ್ಲ. ಆ ಮೀನನ್ನು ತೂಗಿ ಬರೆಯುವವರೂ ಈಗ ದಡದಲ್ಲಿಲ್ಲ.

ಹೊರಡುವಾಗ ಆ ಹಿರಿಯರು, "ಕಟ್ಟೆ ಕಟ್ಟಿದ್ರೆ ಬೆಂಗಳೂರಿಗೆ ನೀರು ಸಾಕಾಯ್ತದಾ ಸ್ವಾಮಿ?" ಎಂದು ಕೇಳಿದರು. ನಮ್ಮ ಬೀದಿಯಲ್ಲಿ ಕಾರು ತೊಳೆಯುವ ಹೊತ್ತು ನೆನಪಾಯಿತು. ಗೊತ್ತಿಲ್ಲವೆಂದೆ. ಅವರು ರಾಗಿ ಒಣಗಿಸಿದ್ದ ಚಾಪೆಯನ್ನು ಬಿಸಿಲಿಗೆ ಎಳೆದುಕೊಂಡರು.