ವರಮಾನ ಪತ್ರದ ಹಿಂದಿನ ಚರಿತ್ರೆ

ಕಳೆದ ವರ್ಷ ತಂಗಿಯ ಮಗಳು ಡಿಗ್ರಿಗೆ ಸೇರಿದಳು. ಸಿ.ಎಚ್. ಮುಹಮ್ಮದ್ ಕೋಯ ಸ್ಕಾಲರ್‌ಶಿಪ್‌ಗೆ ಅರ್ಜಿ ಹಾಕಲು ಅಕ್ಷಯ ಕೇಂದ್ರಕ್ಕೆ ಹೋದವಳು ಅರ್ಧ ಗಂಟೆಯಲ್ಲೇ ವಾಪಸ್ ಬಂದಳು. "ಮಾಮಾ, ಉಮ್ಮನ ಹೆಸರು ಆಧಾರ್‌ನಲ್ಲಿ ಒಂದು ತರಹ, ರೇಶನ್ ಕಾರ್ಡಿನಲ್ಲಿ ಇನ್ನೊಂದು ತರಹ, ನನ್ನ ಎಸ್ಸೆಸ್ಸೆಲ್ಸಿ ಪುಸ್ತಕದಲ್ಲಿ ಮತ್ತೊಂದು ತರಹ ಉಂಟಂತೆ. ವರಮಾನ ಸರ್ಟಿಫಿಕೇಟೂ ಬೇಕಂತೆ" ಎಂದಳು.

ತಂಗಿಯ ಹಳೆಯ ಶಾಲಾ ದಾಖಲೆ ಹುಡುಕಲು ಬಾಪನ ಟ್ರಂಕು ತೆರೆದೆ. ಅದರೊಳಗೆ ಅಜ್ಜನ ಕಾಲದಿಂದ ಕೂಡಿಟ್ಟ ಕಾಗದಗಳಿದ್ದವು. ಒಂದೊಂದನ್ನೇ ಬಿಡಿಸುತ್ತಾ ಹೋದಂತೆ, ನಮ್ಮ ಮಕ್ಕಳ ಓದಿಗೆ ಸರ್ಕಾರ ನೆರವು ಕೊಟ್ಟ ಕಥೆಯೇ ಅಲ್ಲಿ ಮಡಚಿಟ್ಟ ಹಾಗೆ ಕಂಡಿತು.

ಈ ಕಥೆ ನಾವು ಅಂದುಕೊಂಡದ್ದಕ್ಕಿಂತ ಹಳೆಯದು. ಮುಸ್ಲಿಮರು ಓದಿನಲ್ಲಿ ಹಿಂದೆ ಬಿದ್ದಿದ್ದಾರೆಂದು ಬ್ರಿಟಿಷ್ ಸರ್ಕಾರ 1871ರಲ್ಲೇ ಗೊತ್ತುವಳಿ ಹೊರಡಿಸಿತ್ತು. 1882ರ ಹಂಟರ್ ಆಯೋಗ ಮುಸ್ಲಿಂ ವಿದ್ಯಾರ್ಥಿಗಳಿಗೆ ಪ್ರತ್ಯೇಕ ವಿದ್ಯಾರ್ಥಿವೇತನ ಕೊಡಬೇಕು, ಸರ್ಕಾರಿ ಹಣದ ಶಾಲೆಗಳಲ್ಲಿ ಕೆಲವು ಸ್ಥಾನಗಳನ್ನು ಶುಲ್ಕವಿಲ್ಲದೆ ಇಡಬೇಕು ಎಂದು ಹೇಳಿತು. ಆಗ ಕಾಸರಗೋಡು ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಅಜ್ಜನ ಶಾಲೆಯ ಕಾಗದ ಕನ್ನಡದ ಕೈಬರಹದಲ್ಲಿದೆ. ಜಾತಿಯ ಜಾಗದಲ್ಲಿ 'ಮಾಪಿಳ್ಳೆ' ಎಂದಿದೆ. ಬ್ಯಾರಿ ಎಂಬ ಮಾತು ಎಲ್ಲೂ ಇಲ್ಲ. ಅಜ್ಜ ಐದನೇ ಕ್ಲಾಸಿಗೇ ಓದು ಬಿಟ್ಟು ಅಂಗಡಿಯಲ್ಲಿ ಕೂತರು. ನೆರವು ಇದ್ದರೂ ಅದನ್ನು ಕೇಳಬೇಕೆಂದು ಅವರ ಮನೆಯಲ್ಲಿ ಹೇಳಿಕೊಡುವವರಿರಲಿಲ್ಲ.

ಮುಂದೆ ಮದರಾಸಿನಲ್ಲಿ ಕಮ್ಯೂನಲ್ ಜಿ.ಓ. ಬಂತು. 1927ರ ಆದೇಶದಲ್ಲಿ ಪ್ರತಿ 12 ಸರ್ಕಾರಿ ಕೆಲಸಗಳಲ್ಲಿ 2 ಮುಸ್ಲಿಮರಿಗೆ. ಕಾಲೇಜು ಸೀಟುಗಳಿಗೂ ಇಂಥದೇ ಹಂಚಿಕೆ ಇತ್ತು. 1951ರಲ್ಲಿ ಚಂಪಕಂ ದೊರೈರಾಜನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅದನ್ನು ರದ್ದು ಮಾಡಿತು. ಅದೇ ವರ್ಷ ಸಂವಿಧಾನಕ್ಕೆ ಮೊದಲ ತಿದ್ದುಪಡಿಯಾಗಿ 15(4)ನೇ ವಿಧಿ ಸೇರಿತು. ಸಾಮಾಜಿಕವಾಗಿ, ಶೈಕ್ಷಣಿಕವಾಗಿ ಹಿಂದುಳಿದವರಿಗೆ ಸರ್ಕಾರ ವಿಶೇಷ ಏರ್ಪಾಡು ಮಾಡಬಹುದು ಎಂಬುದು ಅದರ ಸಾರ.

1956ರ ನವೆಂಬರ್ 1ರಂದು ನಾವು ಕೂತ ಜಾಗದಲ್ಲೇ ಕೂತಿದ್ದು ಕೇರಳದವರಾದೆವು. ಬಾಪನ ಶಾಲೆ ಕನ್ನಡದ್ದು, ಟಿ.ಸಿ.ಯೂ ಕನ್ನಡದಲ್ಲಿದೆ. ಆದರೆ ಮೇಲಿನ ಕಚೇರಿಯ ಭಾಷೆ ಬದಲಾಗಿತ್ತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣ ಸಿಗಬೇಕೆನ್ನುವ 350ಎ ವಿಧಿಯೂ 1956ರಲ್ಲೇ ಸಂವಿಧಾನಕ್ಕೆ ಸೇರಿತು. ಶಾಲೆ ಉಳಿದದ್ದು ನಿಜ. ಆದರೆ ಶಾಲೆಯ ಕನ್ನಡ ಅರ್ಜಿಯ ಕೌಂಟರಿನಲ್ಲಿ ನಡೆಯುವುದಿಲ್ಲ.

ಈಗ ಪ್ರತಿ ಮನೆಯವರೂ ಮಾಡಿಸುವ ವರಮಾನ ಪತ್ರಕ್ಕೆ ಬರೋಣ. ಹಿಂದುಳಿದವರು ಯಾರೆಂದು ಗೊತ್ತುಮಾಡಲು ಕೇರಳ ಸರ್ಕಾರ ಕುಮಾರ ಪಿಳ್ಳೆ ಆಯೋಗವನ್ನು ನೇಮಿಸಿತ್ತು. ಅದರ ಸಲಹೆಯಂತೆ 1966ರ ಮೇ ತಿಂಗಳಲ್ಲಿ ಆದೇಶ ಬಂತು. ಪಟ್ಟಿಯಲ್ಲಿರುವ ಸಮುದಾಯಕ್ಕೆ ಸೇರಿದರೆ ಸಾಲದು, ಕುಟುಂಬದ ಒಟ್ಟು ವರಮಾನ ವರ್ಷಕ್ಕೆ 6,000 ರೂಪಾಯಿಗಿಂತ ಕಡಿಮೆಯೂ ಇರಬೇಕು ಎಂದು. ಆಮೇಲೆ ಮಿತಿ 10,000 ಆಯಿತು. ಅದನ್ನು 1976ರಲ್ಲಿ ಜಯಶ್ರೀ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಕಾಲೇಜುಗಳಲ್ಲಿ ಫೀಸು ರಿಯಾಯಿತಿಗೆ ಇವತ್ತಿಗೂ ಕೆ.ಪಿ.ಸಿ.ಆರ್. ಎನ್ನುತ್ತಾರಲ್ಲ, ಅದು ಇದೇ ಕುಮಾರ ಪಿಳ್ಳೆಯವರ ವರದಿಯ ಹೆಸರು.

ಈ ನಿಯಮದಲ್ಲಿ ನ್ಯಾಯವಿದೆ. ಇದ್ದವನು ಇಲ್ಲದವನ ಪಾಲು ತಿನ್ನಬಾರದು. ಆದರೆ ಸಂಬಳದವನಿಗೆ ಸಂಬಳ ಚೀಟಿ ಉಂಟು. ಜಿನಸಿ ಅಂಗಡಿಯವನ ವರಮಾನ ಎಷ್ಟು? ಇದನ್ನು ನಾನು 2008ರಲ್ಲಿ ಕಲಿತೆ.

ಆಗ ಮಂಗಳೂರಿನಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಮಾಡುತ್ತಿದ್ದೆ. 2006ರಲ್ಲಿ ಸಾಚಾರ್ ವರದಿ ಬಂದು, ಮರುವರ್ಷ ಕೇಂದ್ರ ಸರ್ಕಾರದ ಅಲ್ಪಸಂಖ್ಯಾತರ ಪೋಸ್ಟ್ ಮೆಟ್ರಿಕ್ ಸ್ಕಾಲರ್‌ಶಿಪ್ ಶುರುವಾಗಿತ್ತು. ವರಮಾನ ಮಿತಿ 2 ಲಕ್ಷ, ಹಿಂದಿನ ಪರೀಕ್ಷೆಯಲ್ಲಿ ಶೇ. 50 ಅಂಕ. ಕಾಲೇಜಿನ ಆಫೀಸಿನಲ್ಲಿ "ನೀನು ಕೇರಳದವನು, ಅಲ್ಲಿ ಕೇಳು" ಎಂದರು. ಊರಿನಲ್ಲಿ "ಕಾಲೇಜು ಕರ್ನಾಟಕದ್ದು, ಅಲ್ಲಿ ಕೇಳು" ಎಂದರು. ತಲಪಾಡಿ ಗೇಟನ್ನು ಆ ಕಾಗದ ಹಿಡಿದು ಎಷ್ಟು ಸಲ ದಾಟಿದೆನೋ. ನಿಜವಾಗಿ ವಾಸ ಯಾವ ರಾಜ್ಯದ್ದೋ ಆ ರಾಜ್ಯದ ಮೂಲಕವೇ ಹಣ ಬರಬೇಕಿತ್ತು.

ಕೊನೆಗೆ ಒಂದು ಕಚೇರಿಯಲ್ಲಿ ಬಾಪನನ್ನು ಕೇಳಿದರು: "ದಿನಕ್ಕೆ ಎಷ್ಟು ವ್ಯಾಪಾರ?" ಬಾಪ ಇದ್ದದ್ದು ಹೇಳಿದರು, "ಎರಡು ಸಾವಿರ." ಅವರು 365ರಿಂದ ಗುಣಿಸಿ 7,30,000 ಎಂದು ಬರೆದರು. ಎರಡು ಸಾವಿರದ ವ್ಯಾಪಾರದಲ್ಲಿ ಕೈಗೆ ಉಳಿಯುವುದು ನೂರೈವತ್ತು. ವರ್ಷಕ್ಕೆ 54,750. ಅದರಲ್ಲೂ ಎಷ್ಟೋ ಕಡದ ಪುಸ್ತಕದಲ್ಲೇ ಉಳಿಯುತ್ತದೆ. ಇಂಜಿನಿಗೆ ಹಾಕಿದ ಡೀಸೆಲೆಲ್ಲ ಚಕ್ರಕ್ಕೆ ತಲುಪುವುದಿಲ್ಲ ಎಂದು ಕ್ಲಾಸಿನಲ್ಲಿ ಓದುತ್ತಿದ್ದ ನನಗೆ ಸಿಟ್ಟು ಬಂತು. ಸ್ವಂತ ವ್ಯಾಪಾರದವರು ಸ್ಟಾಂಪ್ ಪೇಪರಿನಲ್ಲಿ ಅಫಿದವಿತ್ ಕೊಟ್ಟರೆ ಸಾಕೆಂದು ಗೊತ್ತಾಯಿತು. ಪೇಪರ್ ತಂದೆವು. ಬಾಪ ಸಹಿ ಹಾಕಲಿಲ್ಲ.

ಅದನ್ನು ಆಗ ಜಂಬ ಅಂದುಕೊಂಡೆ. ಎರಡು ದಿನ ಮಾತು ಬಿಟ್ಟೆ. ಅರ್ಜಿಯ ತಾರೀಕು ದಾಟಿತು. ಉಮ್ಮನ ಅಲಿಕತ್ತು ಬ್ಯಾಂಕಿಗೆ ಹೋಯಿತು, ನನ್ನ ಫೀಸು ಕಟ್ಟಿತು.

ಆ ಸ್ಟಾಂಪ್ ಪೇಪರ್ ಟ್ರಂಕಿನ ತಳದಲ್ಲಿ ಹಾಗೆಯೇ ಇತ್ತು. ಬಾಪನಿಗೆ ತೋರಿಸಿದೆ. ಅವರು ಕನ್ನಡಕ ಹಾಕಿ ನೋಡಿ ಹೇಳಿದರು: "ಬರೆದದ್ದು ಪೂರಾ ಮಲಯಾಳದಲ್ಲಿತ್ತು, ನನಗೆ ಓದಲು ಬರುವುದಿಲ್ಲ. ಮತ್ತೆ, ನನಗೆ ಗತಿಯಿಲ್ಲ ಎಂದು ಬರೆದುಕೊಟ್ಟ ಸುದ್ದಿ ಪೇಟೆಗೆ ಹೋದರೆ ಹೋಲ್‌ಸೇಲಿನವನು ಮರುದಿನ ಅಕ್ಕಿ ಚೀಲ ಕಡ ಕೊಡುತ್ತಾನಾ? ಅಂಗಡಿ ನಡೆಯುವುದು ನಂಬಿಕೆಯಲ್ಲಿ."

ಹದಿನಾರು ವರ್ಷ ನನಗೆ ಹೊಳೆಯದ ಮಾತು ಇದು. ವರಮಾನ ಕಡಿಮೆ ಎಂದು ಒಪ್ಪಿಕೊಂಡರೆ ಮಾತ್ರ ಸರ್ಕಾರದ ನೆರವು, ಗಟ್ಟಿ ಇದ್ದೇನೆಂದು ತೋರಿಸಿಕೊಂಡರೆ ಮಾತ್ರ ಪೇಟೆಯ ಸಾಲ. ನಮ್ಮಲ್ಲಿ ಎಷ್ಟು ಅಂಗಡಿಯವರ, ಮೀನು ವ್ಯಾಪಾರದವರ ಮಕ್ಕಳ ಓದು ಇವೆರಡರ ನಡುವೆ ನಿಂತುಹೋಗಿದೆಯೋ, ಯಾವ ವರದಿಯಲ್ಲೂ ಅದರ ಲೆಕ್ಕವನ್ನು ನಾನು ಕಂಡಿಲ್ಲ.

ಈಗ ನೆರವಿನ ಹಾದಿಯೂ ಕಿರಿದಾಗಿದೆ. 2015ರಲ್ಲಿ ರಾಷ್ಟ್ರೀಯ ಸ್ಕಾಲರ್‌ಶಿಪ್ ಪೋರ್ಟಲ್ ಬಂದು ಕಾಗದ ಕಂಪ್ಯೂಟರಿಗೆ ಹೋಯಿತು. ಕ್ಲರ್ಕು ಕಣ್ಣಂದಾಜಿನಲ್ಲಿ ಬಿಡುತ್ತಿದ್ದ ಒಂದಕ್ಷರದ ವ್ಯತ್ಯಾಸವನ್ನು ಕಂಪ್ಯೂಟರ್ ಬಿಡುವುದಿಲ್ಲ. ಒಬ್ಬ ಮೊಯ್ದಿನ್ ಕುಂಞಿ ಕನ್ನಡ ಶಾಲೆಯಲ್ಲಿ ಮೊಯ್ದಿನ್, ಮಲಯಾಳದ ರೇಶನ್ ಕಾರ್ಡಿನಲ್ಲಿ ಮೊಯ್ತೀನ್, ಇಂಗ್ಲಿಷಿನ ಪಾಸ್‌ಬುಕ್ಕಿನಲ್ಲಿ ಮೊಹಿದೀನ್ ಆದರೆ ಅದಕ್ಕೆ ಅವರು ಮೂರು ಜನ. 2022ರಲ್ಲಿ ಕೇಂದ್ರ ಸರ್ಕಾರ ಒಂದರಿಂದ ಎಂಟನೇ ಕ್ಲಾಸಿನವರ ಪ್ರಿ ಮೆಟ್ರಿಕ್ ಸ್ಕಾಲರ್‌ಶಿಪ್ ನಿಲ್ಲಿಸಿತು.

ಈ ಸಲ ಬಾಪ ಮೂರು ತಿಂಗಳ ಲೆಕ್ಕ ಬರೆದರು. ಮಾರಿದ್ದು ಒಂದು ಕಡೆ, ಸಾಮಾನಿಗೆ ಕೊಟ್ಟದ್ದು ಒಂದು ಕಡೆ, ಕರೆಂಟು ಬಾಡಿಗೆ ಕಳೆದು ಉಳಿದದ್ದು ಇನ್ನೊಂದು ಕಡೆ. ವಿಲೇಜ್ ಆಫೀಸಿನಲ್ಲಿ ಆ ಪುಸ್ತಕ ತೋರಿಸಿದಾಗ ಗುಣಾಕಾರದ ಪ್ರಶ್ನೆಯೇ ಬರಲಿಲ್ಲ. ತಂಗಿಯ ಹೆಸರನ್ನು ಎಸ್ಸೆಸ್ಸೆಲ್ಸಿ ಪುಸ್ತಕದಂತೆ ಆಧಾರ್‌ನಲ್ಲೂ ಬ್ಯಾಂಕಿನಲ್ಲೂ ತಿದ್ದಿಸಿದೆವು. ಅರ್ಜಿ ಕೊನೆಯ ತಾರೀಕಿಗೆ ನಾಲ್ಕು ದಿನ ಮೊದಲೇ ಹೋಯಿತು.

ಮನೆಯಲ್ಲಿ ಓದುವ ಮಕ್ಕಳಿದ್ದರೆ ಈ ಎರಡು ಕೆಲಸ ಈಗಲೇ ಮಾಡಿಟ್ಟುಕೊಳ್ಳಿ. ಮಕ್ಕಳನ್ನು ಒಂದನೇ ಕ್ಲಾಸಿಗೆ ಸೇರಿಸುವ ದಿನವೇ ಹೆಸರನ್ನು ಮೂರೂ ಭಾಷೆಯಲ್ಲಿ ಬರೆದು ಕೊಡಿ, ಮೇಷ್ಟ್ರ ಕಿವಿಗೆ ಬಿಡಬೇಡಿ. ವ್ಯಾಪಾರ ಬೇರೆ, ವರಮಾನ ಬೇರೆ ಎಂದು ತೋರಿಸುವ ಒಂದು ಪುಸ್ತಕ ಅಂಗಡಿಯಲ್ಲಿರಲಿ. ಮಲಯಾಳದ ಕಾಗದಕ್ಕೆ ಸಹಿ ಹಾಕುವ ಮೊದಲು ಹಿರಿಯರಿಗೆ ಅದನ್ನು ಓದಿ ಅರ್ಥ ಹೇಳಿ. ನಾನು 2008ರಲ್ಲಿ ಅಷ್ಟೊಂದು ಮಾಡಿದ್ದರೆ ಉಮ್ಮನ ಕಿವಿಯಲ್ಲಿ ಅಲಿಕತ್ತು ಉಳಿಯುತ್ತಿತ್ತೇನೋ.